ಕಾಫಿ ಕಣದಲ್ಲಿ ಆಲ್ಗಾಲ್: ಎರಡು ಹಲಗೆ, ಒಂದು ತಿರುಪಿನ ಯಂತ್ರ

ಪಾರ್ಥ (ಪರ್ಸಿಯಸ್) ನಕ್ಷತ್ರಪುಂಜದ ಆಲ್ಗಾಲ್ ನಕ್ಷತ್ರ 2 ದಿನ 20 ಗಂಟೆ 49 ನಿಮಿಷಕ್ಕೊಮ್ಮೆ ಮಂಕಾಗುತ್ತದೆ. ಸುಮಾರು ಐದು ಗಂಟೆ ಇಳಿಮುಖ, ಮತ್ತೆ ಐದು ಗಂಟೆ ಏರುಮುಖ. ಎಂದಿನ 2.1 ಕಾಂತಿಮಾನದಿಂದ 3.4ಕ್ಕೆ ಇಳಿದ ಹೊತ್ತಿನಲ್ಲಿ ಅದರ ಬೆಳಕಿನಲ್ಲಿ ಮೂರರಲ್ಲೊಂದು ಪಾಲೂ ಉಳಿದಿರುವುದಿಲ್ಲ. ಕಾಂತಿಮಾನದ ಅಂಕಿ ದೊಡ್ಡದಾದಷ್ಟೂ ನಕ್ಷತ್ರ ಮಂಕು. ಈ ಏರಿಳಿತವನ್ನು 1667ರಲ್ಲಿ ಇಟಲಿಯ ಮೊಂಟಾನಾರಿ ಗಮನಿಸಿದ್ದ. ಅದಕ್ಕೊಂದು ಲೆಕ್ಕವಿದೆ, ಗಡಿಯಾರದಂತೆ ಮರುಕಳಿಸುತ್ತದೆ ಎಂದು 1783ರಲ್ಲಿ ತೋರಿಸಿದವನು ಇಂಗ್ಲೆಂಡಿನ ಜಾನ್ ಗುಡ್‌ರಿಕ್. ಕಿವಿ ಕೇಳದ ಹುಡುಗ, ಆಗ ಅವನಿಗೆ ಹದಿನೆಂಟು ವರ್ಷ. ಅಕ್ಕಪಕ್ಕದ ನಕ್ಷತ್ರಗಳ ಜೊತೆ ಬರಿಗಣ್ಣಿನಿಂದ ಹೋಲಿಸಿ ಹೋಲಿಸಿಯೇ ಆ ಅವಧಿಯನ್ನು ಕಂಡುಕೊಂಡ. ಮಸುಕಾದ ಕಾಯವೊಂದು ಮುಂದೆ ಹಾದುಹೋಗುತ್ತಿರಬಹುದು ಎಂದೂ ಸೂಚಿಸಿದ. ಅದು ನಿಜವೆಂದು 1889ರಲ್ಲಿ ಜರ್ಮನಿಯ ಪಾಟ್ಸ್‌ಡಾಮ್‌ನಲ್ಲಿ ಫೋಗೆಲ್, ಬೆಳಕನ್ನು ಬಣ್ಣಗಳಾಗಿ ಬಿಡಿಸುವ ರೋಹಿತದರ್ಶಕದ ಮೂಲಕ ಸಾಧಿಸಿದ.

ಗುಡ್‌ರಿಕ್ ಕಣ್ಣಿನಿಂದ ಮಾಡಿದ ಕೆಲಸವನ್ನು ಕಾಫಿ ಒಣಗಿಸುವ ನಮ್ಮ ಮನೆಯ ಕಣದಲ್ಲಿ ಕ್ಯಾಮೆರಾದಿಂದ ಮಾಡಬೇಕು, ಆ ಇಳಿಜಾರನ್ನು ಹಾಳೆಯ ಮೇಲೆ ನಾನೇ ಬರೆಯಬೇಕು ಎಂಬುದು ಬಹಳ ಕಾಲದ ಆಸೆ. ಅದಕ್ಕಾಗಿ ಕಟ್ಟಿದ ಯಂತ್ರದ ವಿವರ ಇದು. ಊರು ಮಡಿಕೇರಿಯಿಂದ ಭಾಗಮಂಡಲಕ್ಕೆ ಹೋಗುವ ದಾರಿಯ ಬದಿಯಲ್ಲಿದೆ. ಅಕ್ಷಾಂಶ ಸುಮಾರು 12.4 ಡಿಗ್ರಿ ಉತ್ತರ. ಈ ಅಂಕಿ ಮುಂದೆ ಮತ್ತೆ ಮತ್ತೆ ಬರುತ್ತದೆ.

ದೂರದರ್ಶಕ ಬೇಕಿಲ್ಲ. ಹಳೆಯ ಡಿಎಸ್‌ಎಲ್‌ಆರ್ ಕ್ಯಾಮೆರಾ ಮತ್ತು 50 ಮಿ.ಮೀ. ಲೆನ್ಸ್ ಸಾಕು. ಅದರ ಚೌಕಟ್ಟಿನೊಳಗೆ ಆಲ್ಗಾಲ್ ಮಾತ್ರವಲ್ಲದೆ ಹೋಲಿಕೆಗೆ ಬೇಕಾದ ನಕ್ಷತ್ರಗಳೂ ಒಟ್ಟಿಗೆ ಬೀಳುತ್ತವೆ. ತೊಂದರೆ ಇರುವುದು ಮಿನುಗುವಿಕೆಯಲ್ಲಿ. ಒಂದು ಸೆಕೆಂಡಿನ ಚಿತ್ರದಲ್ಲಿ ನಕ್ಷತ್ರ ಎಷ್ಟು ಬೆಳಕು ಕೊಟ್ಟಿತೋ ಮುಂದಿನ ಸೆಕೆಂಡಿನಲ್ಲಿ ಅಷ್ಟೇ ಕೊಡುವುದಿಲ್ಲ. ನಡುವಿನ ಗಾಳಿ ಅದನ್ನು ಅಲುಗಿಸುತ್ತಿರುತ್ತದೆ. ಇಪ್ಪತ್ತು ಸೆಕೆಂಡು ತೆರೆದಿಟ್ಟರೆ ಆ ಏರುಪೇರು ತಾನಾಗಿಯೇ ಸರಾಸರಿಗೆ ಬರುತ್ತದೆ. ಆದರೆ ಆಲ್ಗಾಲ್ ಇರುವ ಕಡೆ ಆಕಾಶ ಸೆಕೆಂಡಿಗೆ ಸುಮಾರು 11 ಆರ್ಕ್‌ಸೆಕೆಂಡಿನಷ್ಟು (ಒಂದು ಆರ್ಕ್‌ಸೆಕೆಂಡ್ ಎಂದರೆ ಡಿಗ್ರಿಯ 3600ರಲ್ಲೊಂದು ಪಾಲು) ಸರಿಯುತ್ತದೆ. ನನ್ನ ಕ್ಯಾಮೆರಾದ ಒಂದು ಪಿಕ್ಸೆಲ್ 17.7 ಆರ್ಕ್‌ಸೆಕೆಂಡ್. ಇಪ್ಪತ್ತು ಸೆಕೆಂಡಿನಲ್ಲಿ ನಕ್ಷತ್ರ ಹದಿಮೂರು ಪಿಕ್ಸೆಲ್ ಉದ್ದದ ಗೆರೆಯಾಗಿಬಿಡುತ್ತದೆ. ಆದ್ದರಿಂದ ಕ್ಯಾಮೆರಾ ಆಕಾಶದ ಜೊತೆಗೇ ತಿರುಗಬೇಕು.

ಹಲಗೆ, ಹಿಂಜು, ತಿರುಪು

ಉಪಾಯ ಹಳೆಯದು. ಎರಡು ಹಲಗೆಗಳನ್ನು ಒಂದು ಅಂಚಿನಲ್ಲಿ ಹಿಂಜಿನಿಂದ, ಅಂದರೆ ಬಾಗಿಲಿನ ಕೀಲಿನಿಂದ, ಜೋಡಿಸಬೇಕು. ಹಿಂಜಿನ ಪಿನ್ ಭೂಮಿಯ ಅಕ್ಷಕ್ಕೆ ಸಮಾಂತರವಾಗಿರಬೇಕು. ಕೆಳಗಿನ ಹಲಗೆ ಅಲುಗಬಾರದು. ಮೇಲಿನದರ ಮೇಲೆ ಕ್ಯಾಮೆರಾ. ತಿರುಪು ಮೇಲಿನ ಹಲಗೆಯನ್ನು ನಿಧಾನವಾಗಿ ಎತ್ತುತ್ತಾ ಹೋದರೆ ಕ್ಯಾಮೆರಾ ನಕ್ಷತ್ರಗಳನ್ನು ಹಿಂಬಾಲಿಸುತ್ತದೆ. ನಮ್ಮ ಉತ್ತರಾರ್ಧ ಗೋಳದಲ್ಲಿ ಹಿಂಜು ಪಶ್ಚಿಮದ ಕಡೆಗಿರಬೇಕು, ಏಳುವ ಅಂಚು ಪೂರ್ವದ ಕಡೆಗೆ.

6 ಮಿ.ಮೀ. ದಪ್ಪದ ಎಂ6 ತಿರುಪು ಒಂದು ಸುತ್ತಿಗೆ 1 ಮಿ.ಮೀ. ಸಾಗುತ್ತದೆ. ನಿಮಿಷಕ್ಕೆ ಒಂದು ಸುತ್ತು ತಿರುಗಿಸುವುದಾದರೆ ಹಿಂಜಿನಿಂದ ತಿರುಪಿಗೆ ಎಷ್ಟು ದೂರವಿರಬೇಕು? ನಕ್ಷತ್ರಗಳ ಲೆಕ್ಕದಲ್ಲಿ ಭೂಮಿ ಒಂದು ಸುತ್ತು ಮುಗಿಸುವುದು 23 ಗಂಟೆ 56 ನಿಮಿಷ 4 ಸೆಕೆಂಡಿನಲ್ಲಿ, ಅಂದರೆ 1436.07 ನಿಮಿಷ. ಅದನ್ನು ಪೈನ ಎರಡರಷ್ಟರಿಂದ ಭಾಗಿಸಿದರೆ 228.6 ಬರುತ್ತದೆ. ಅಷ್ಟು ಮಿಲಿಮೀಟರ್ ಅಳೆದು ತೂತು ಕೊರೆಯಬೇಕು.

ಹಲಗೆ ಹಲಸಿನದು, ಹಳೆಯ ಕಪಾಟಿನ ಬಾಗಿಲಿನಿಂದ ಬಿಚ್ಚಿದ್ದು. ಕೊಡಗಿನ ಮಳೆಗಾಲದಲ್ಲಿ ಪ್ಲೈವುಡ್ಡಿನ ಗತಿ ಏನಾಗುತ್ತದೆಂದು ಇಲ್ಲಿಯವರಿಗೆ ಹೇಳಬೇಕಿಲ್ಲ; ಎಷ್ಟೋ ಮಳೆಗಾಲ ಕಂಡು ಒಣಗಿದ ಹಲಸು ಮತ್ತೆ ಬಾಗುವುದಿಲ್ಲ. ಹಿಂಜು 300 ಮಿ.ಮೀ. ಉದ್ದದ ಪಿಯಾನೋ ಹಿಂಜು. ಅದನ್ನು ಕೂರಿಸಿಕೊಟ್ಟ ಬಡಗಿಗೆ ನಾನು ಹಲಗೆಯನ್ನು ಅಡ್ಡಡ್ಡ ಅಲುಗಿಸಿ ತೋರಿಸಿದೆ.

“ಇಷ್ಟು ಸಡಿಲ ಯಾವ ಬಾಗಿಲಿಗೂ ಇರುತ್ತದೆ ಅಣ್ಣ,” ಎಂದರು.

“ಬಾಗಿಲಾದರೆ ಸರಿ ಆಚಾರಿಯವರೇ. ಇದು ಕೂದಲೆಳೆಯಷ್ಟು ಅಲುಗಿದರೂ ನಕ್ಷತ್ರ ಎರಡಾಗಿ ಕಾಣುತ್ತದೆ.”

ಅವರು ಹಿಂಜನ್ನು ಬಿಚ್ಚಿ ಕಬ್ಬಿಣದ ಮೇಲಿಟ್ಟು, ಒಂದೊಂದೇ ಗೆಣ್ಣಿಗೆ ಸಣ್ಣ ಸುತ್ತಿಗೆಯಿಂದ ಹದವಾಗಿ ತಟ್ಟುತ್ತಾ ಬಂದರು. ಮತ್ತೆ ಕೂರಿಸಿದಾಗ ಹಲಗೆ ಮೇಲೆ ಕೆಳಗೆ ನುಣುಪಾಗಿ ಆಡುತ್ತಿತ್ತು, ಅಡ್ಡಕ್ಕೆ ಕದಲುತ್ತಿರಲಿಲ್ಲ. ಯಂತ್ರದ ಅರ್ಧ ಗುಣ ಇದರಲ್ಲೇ ಇದೆ ಎಂಬುದು ನನ್ನ ಅಭಿಪ್ರಾಯ.

ತಿರುಪಿನ ರಾಡನ್ನು ಅಂಗಡಿಯಿಂದ ತಂದ ಹಾಗೆಯೇ ಹಾಕಬಾರದು. ಕಿಟಕಿಯ ಗಾಜಿನ ಮೇಲಿಟ್ಟು ಆಚೆಯಿಂದ ಟಾರ್ಚ್ ಬಿಟ್ಟು ಉರುಳಿಸಬೇಕು. ಬಾಗಿದ್ದರೆ ರಾಡಿಗೂ ಗಾಜಿಗೂ ನಡುವೆ ಬೆಳಕಿನ ಗೆರೆ ಸುತ್ತಿಗೊಮ್ಮೆ ತೆರೆದು ಮುಚ್ಚುತ್ತದೆ. ಅಂಥ ರಾಡು ಯಂತ್ರವನ್ನು ನಿಮಿಷಕ್ಕೊಮ್ಮೆ ಜಗ್ಗುತ್ತದೆ. ಚಿತ್ರಗಳಲ್ಲಿ ನಕ್ಷತ್ರ ಒಮ್ಮೆ ದುಂಡಗೆ, ಒಮ್ಮೆ ಮೊಟ್ಟೆಯಾಕಾರಕ್ಕೆ ಬರುತ್ತದೆ. ಮೀಟರ್ ಉದ್ದದ ರಾಡನ್ನು ಹೀಗೆ ಉರುಳಿಸಿ, ನೇರವಾಗಿದ್ದ ಭಾಗದಿಂದ ಗೇಣುದ್ದ ಕತ್ತರಿಸಿಕೊಂಡೆ. ತುದಿಯನ್ನು ಅರದಿಂದ ದುಂಡಗೆ ಉಜ್ಜಿ, ಅದು ತಾಗುವ ಜಾಗಕ್ಕೆ ಮೇಲಿನ ಹಲಗೆಯ ಅಡಿಯಲ್ಲಿ ಉಕ್ಕಿನ ತಗಡು ಹೊಡೆದೆ. ನಟ್ಟನ್ನು ಕೆಳಗಿನ ಹಲಗೆಗೆ ಬಿಗಿದಿದ್ದೇನೆ.

ಮೋಟಾರು 28ಬಿವೈಜೆ-48 ಎಂಬ, ಹೆಜ್ಜೆ ಹೆಜ್ಜೆಯಾಗಿ ತಿರುಗುವ ಪುಟ್ಟ ಸ್ಟೆಪ್ಪರ್, ಜೊತೆಗೆ ಅದನ್ನು ಓಡಿಸುವ ಯುಎಲ್‌ಎನ್2003 ಬೋರ್ಡು ಮತ್ತು ಅದಕ್ಕೆ ಆಜ್ಞೆ ಕೊಡುವ ಕಿರು ಕಂಪ್ಯೂಟರ್ ಆರ್ಡುಯಿನೋ ನ್ಯಾನೋ. ಮೋಟಾರಿನ ಕಡ್ಡಿಗೂ ರಾಡಿಗೂ ನಡುವೆ ಬೈಕಿನ ಪೆಟ್ರೋಲ್ ಪೈಪಿನ ಎರಡಂಗುಲ ತುಂಡು, ಎರಡೂ ತುದಿಗೆ ಕ್ಲಿಪ್ಪು. ರಬ್ಬರ್ ಇರುವುದರಿಂದ ಎರಡೂ ಒಂದೇ ನೇರದಲ್ಲಿ ಇಲ್ಲದಿದ್ದರೂ ಬಿಗಿದುಕೊಳ್ಳುವುದಿಲ್ಲ. ರಾಡು ಮೇಲೇರಿದಂತೆ ಮೋಟಾರೂ ಏರಬೇಕಲ್ಲ, ಅದಕ್ಕೆ ಎರಡು ಕಬ್ಬಿಣದ ಕಡ್ಡಿಗಳ ದಾರಿ. ಪೈಪು ಮೊದಲು ತಾನು ತಿರುಚಿಕೊಂಡು ಆಮೇಲೆ ರಾಡನ್ನು ತಿರುಗಿಸುತ್ತದೆ. ಆದ್ದರಿಂದ ಚಾಲೂ ಮಾಡಿದ ಮೇಲೆ ಒಂದು ನಿಮಿಷ ಬಿಟ್ಟು ಚಿತ್ರ ತೆಗೆಯಬೇಕು.

ಈ ಮೋಟಾರಿನ ಬಗ್ಗೆ ಒಂದು ಮಾತು. ಸುತ್ತಿಗೆ 4096 ಅರ್ಧ ಹೆಜ್ಜೆ ಎಂದು ಎಲ್ಲೆಡೆ ಬರೆದಿರುತ್ತದೆ. ಒಳಗಿನ ಹಲ್ಲುಚಕ್ರಗಳನ್ನು ಎಣಿಸಿದರೆ ಅನುಪಾತ 64 ಅಲ್ಲ, 63.684. ಹಾಗಾಗಿ ಸುತ್ತಿಗೆ ಬರುವುದು 4075.8 ಹೆಜ್ಜೆ. ಒಂದು ಹೆಜ್ಜೆಗೆ 14.72 ಮಿಲಿಸೆಕೆಂಡು ಕೊಟ್ಟರೆ ಸರಿಯಾಗಿ ನಿಮಿಷಕ್ಕೊಂದು ಸುತ್ತು. ಪ್ರೋಗ್ರಾಮಿನಲ್ಲಿ 4096 ಎಂದೇ ಬರೆದರೆ ಯಂತ್ರ ನೂರಕ್ಕೆ ಅರ್ಧ ಭಾಗ ಮುಂದೋಡುತ್ತದೆ. ಇಪ್ಪತ್ತು ಸೆಕೆಂಡಿನ ಒಂದು ಚಿತ್ರದಲ್ಲಿ ಅದು ಲೆಕ್ಕಕ್ಕೇ ಬರುವುದಿಲ್ಲ, ಇಪ್ಪತ್ತು ನಿಮಿಷದಲ್ಲಿ ಸುಮಾರು ನಾಲ್ಕು ಪಿಕ್ಸೆಲ್ ಆಗುತ್ತದೆ. ಸರಿಯಾದ ಅಂಕಿ ಬರೆಯಲು ಖರ್ಚೇನೂ ಇಲ್ಲ, ಬರೆಯೋಣ.

ಉತ್ತರ ಹಿಡಿಯುವುದು

ಯಾವುದೇ ಊರಿನಲ್ಲಿ ಧ್ರುವಬಿಂದುವಿನ ಎತ್ತರ ಆ ಊರಿನ ಅಕ್ಷಾಂಶದಷ್ಟೇ. ಇಂಥ ಯಂತ್ರಕ್ಕೆ ಯುರೋಪಿನವರು ಬರೆದ ನಕ್ಷೆಗಳಲ್ಲಿ ಹಿಂಜನ್ನು 50 ಡಿಗ್ರಿಗೆ ಎತ್ತಿ ನಿಲ್ಲಿಸಲು ದಪ್ಪ ಟ್ರೈಪಾಡು, ಗಟ್ಟಿ ತಲೆ ಎಲ್ಲ ಬೇಕು. ನಮಗೆ 12.4 ಡಿಗ್ರಿ ಸಾಕು. ಹಲಗೆ ಹೆಚ್ಚುಕಡಿಮೆ ಮಲಗಿಯೇ ಇರುತ್ತದೆ. 300 ಮಿ.ಮೀ. ತಳದ, ಉತ್ತರದ ತುದಿ 66 ಮಿ.ಮೀ. ಎತ್ತರದ ಮರದ ಬೆಣೆಯೊಂದನ್ನು ಮಾಡಿಸಿ, ರಸಮಟ್ಟ ಹಿಡಿದು ಕೂರಿಸಿದ ಮೇಜಿನ ಮೇಲಿಟ್ಟರೆ ಆಯಿತು. ಪೂರ್ವದ ಅಂಚು ಮೇಜಿನಿಂದ ಆಚೆ ಚಾಚಿಕೊಂಡಿದೆ, ಮೋಟಾರು ಅದರ ಕೆಳಗೆ ತೂಗುತ್ತದೆ. ಇಷ್ಟು ತಗ್ಗಾಗಿ ಕುಳಿತ ಯಂತ್ರಕ್ಕೆ ಗಾಳಿಯ ಭಯವೂ ಇಲ್ಲ.

ಆದರೆ ಅದೇ ಕಾರಣಕ್ಕೆ ಧ್ರುವ ನಕ್ಷತ್ರ ನಮ್ಮಲ್ಲಿ ತೀರಾ ಕೆಳಗೆ. ನಮ್ಮ ಕಣದ ಉತ್ತರಕ್ಕೆ ಏರು ಗುಡ್ಡ, ಅದರ ಮೇಲೆ ಮೆಣಸಿನ ಬಳ್ಳಿ ಹಬ್ಬಿದ ಸಿಲ್ವರ್ ಓಕ್ ಮರಗಳ ಸಾಲು. ಧ್ರುವ ಕಾಣುವುದೇ ಇಲ್ಲ. ಮೊಬೈಲಿನ ದಿಕ್ಸೂಚಿ ಕಬ್ಬಿಣದ ಗೇಟಿನ ಬಳಿ ಒಂದು ಮಾತು, ನಾಲ್ಕು ಹೆಜ್ಜೆ ಆಚೆ ಇನ್ನೊಂದು ಮಾತು ಹೇಳುತ್ತದೆ. ಹಗಲಿನಲ್ಲಿ ಸೂರ್ಯನಿಂದಲೇ ಉತ್ತರ ಹಿಡಿಯುವುದು ವಾಸಿ.

ನಮ್ಮ ಹಳೆಯ ಸಿದ್ಧಾಂತಕಾರರು ಹೇಳಿದ ಶಂಕುವಿನ, ಅಂದರೆ ನೆಟ್ಟ ಕೋಲಿನ ನೆರಳಿನ, ವಿಧಾನ ಇದಕ್ಕೆ ಹೇಳಿಮಾಡಿಸಿದಂತಿದೆ. ಕೊಯ್ಲು ಹರಡುವ ಮೊದಲು ಸಿಮೆಂಟಿನ ಕಣ ಖಾಲಿ ಇದ್ದಾಗ, ಒಂದು ಮೀಟರ್ ಎತ್ತರದ ಕಬ್ಬಿಣದ ಸಲಾಕೆಯನ್ನು ತೂಗುಗುಂಡು ಬಿಟ್ಟು ನೆಟ್ಟಗೆ ನಿಲ್ಲಿಸಿದೆ. ಬುಡವನ್ನು ಕೇಂದ್ರವಾಗಿಟ್ಟು ಒಂದು ಮೀಟರ್ ತ್ರಿಜ್ಯದ ವೃತ್ತ ಎಳೆದೆ. ನೆರಳಿನ ತುದಿ ಯಾವಾಗಲೂ ಮಸುಕು. ಅದಕ್ಕೆ ಸಲಾಕೆಯ ನೆತ್ತಿಗೆ ವಾಷರ್ ಒಂದನ್ನು ಬಿಸಿಲಿಗೆ ಎದುರಾಗಿ ಅಂಟಿಸಿದೆ. ಅದರ ತೂತಿನಿಂದ ಬಿದ್ದ ಬೆಳಕು ನೆಲದ ಮೇಲೆ ಹೆಬ್ಬೆರಳಿನ ಉಗುರಿನಗಲದ ದುಂಡು ಬಿಂಬವಾಗಿ ಮೂಡುತ್ತದೆ. ಡಿಸೆಂಬರಿನಲ್ಲಿ ಅದು ವೃತ್ತವನ್ನು ದಾಟಿ ಒಳಗೆ ಬರುವುದು ಬೆಳಿಗ್ಗೆ ಹತ್ತೂವರೆಯ ಆಸುಪಾಸು, ಹೊರಗೆ ಹೋಗುವುದು ಮಧ್ಯಾಹ್ನ ಎರಡು ದಾಟಿದ ಮೇಲೆ. ಅಕ್ಕನ ಮಗಳು ಸೀಮೆಸುಣ್ಣ ಹಿಡಿದು ಕಾಯುತ್ತಿದ್ದಳು. “ಮಾವ, ಅರ್ಧ ಬಿಂಬ ಗೆರೆಯ ಆಚೆ, ಅರ್ಧ ಈಚೆ, ಈಗ ಹಾಕಲೇ?” ಎಂದು ಕೇಳಿಯೇ ಗುರುತು ಹಾಕಿದಳು. ಎರಡು ಗುರುತುಗಳ ನಡುಬಿಂದುವಿನಿಂದ ಸಲಾಕೆಯ ಬುಡಕ್ಕೆ ಎಳೆದ ಗೆರೆಯೇ ಉತ್ತರ ದಕ್ಷಿಣ. ಅದರ ಮೇಲೆ ಬಿಳಿ ಬಣ್ಣ ಬಳಿದಿದ್ದೇನೆ. ಸೂರ್ಯ ತೀರಾ ದಕ್ಷಿಣಕ್ಕಿರುವ ಡಿಸೆಂಬರ್ 21ರ ಹತ್ತಿರದ ದಿನಗಳಲ್ಲಿ ಅವನ ಕ್ರಾಂತಿ (ಆಕಾಶದ ಮಧ್ಯರೇಖೆಯಿಂದ ಇರುವ ದೂರ) ಹೆಚ್ಚು ಬದಲಾಗದ ಕಾರಣ ಈ ಗೆರೆ ಡಿಸೆಂಬರಿನಲ್ಲಿ ತುಂಬ ನಂಬಿಕಸ್ಥ.

ಎಷ್ಟು ನಿಖರವಾಗಿರಬೇಕು ಎಂಬುದನ್ನು ಲೆಕ್ಕ ಹಾಕಿಯೇ ನಿರ್ಧರಿಸಬೇಕು. ಹಿಂಜು ಧ್ರುವಬಿಂದುವಿನಿಂದ ಇಡೀ ಒಂದು ಡಿಗ್ರಿ ತಪ್ಪಿದರೂ ನಕ್ಷತ್ರ ಜಾರುವುದು ಸೆಕೆಂಡಿಗೆ ಹೆಚ್ಚೆಂದರೆ 0.26 ಆರ್ಕ್‌ಸೆಕೆಂಡ್. ಇಪ್ಪತ್ತು ಸೆಕೆಂಡಿಗೆ ಐದು. ಒಂದು ಪಿಕ್ಸೆಲಿನ ಮೂರನೇ ಒಂದು ಭಾಗವೂ ಅಲ್ಲ. ತಿರುಪಿನ ತೂತು ಒಂದು ಮಿಲಿಮೀಟರ್ ಆಚೀಚೆಯಾದರೆ ಅದಕ್ಕಿಂತಲೂ ಕಡಿಮೆ. ನೇರ ರಾಡು ಬಳಸಿದ್ದರಿಂದ ಹಲಗೆ ಮೇಲೇರಿದಂತೆ ವೇಗ ತುಸು ತಗ್ಗುತ್ತದೆ, ಹಿಂಜನ್ನು ಕೇಂದ್ರವಾಗಿಟ್ಟು ಕಮಾನಿನಂತೆ ಬೇಕೆಂದೇ ಬಗ್ಗಿಸಿದ ರಾಡು ಹಾಕಿದರೆ ಅದೂ ಇರುವುದಿಲ್ಲ. ಇಪ್ಪತ್ತು ನಿಮಿಷಕ್ಕೊಮ್ಮೆ ಹಿಂದಕ್ಕೆ ಸುತ್ತಿಕೊಂಡರೆ ನನಗೆ ಅದರ ಅಗತ್ಯ ಕಾಣಲಿಲ್ಲ. ಅಳತೆಯಲ್ಲಿ ಉದಾರವಾಗಿರಬಹುದು, ಅಲುಗಾಟದಲ್ಲಿ ಮಾತ್ರ ಕೂಡದು.

ಇಬ್ಬನಿ

ಕೊಡಗಿನ ಡಿಸೆಂಬರ್ ರಾತ್ರಿಯಲ್ಲಿ ಲೆನ್ಸ್ ಮೇಲೆ ಇಬ್ಬನಿ ಕೂರಲು ಹೆಚ್ಚು ಹೊತ್ತು ಬೇಡ. ಸೂಕ್ಷ್ಮವಾಗಿ ಕೂತ ಇಬ್ಬನಿ ಕಣ್ಣಿಗೆ ಕಾಣುವ ಮೊದಲೇ ಬೆಳಕು ನುಂಗತೊಡಗುತ್ತದೆ. 470 ಓಮ್‌ನ, ಅರ್ಧ ವ್ಯಾಟ್ ತಾಳುವ ಹತ್ತು ರೆಸಿಸ್ಟರುಗಳನ್ನು ಸಮಾಂತರವಾಗಿ ಬೆಸುಗೆ ಹಾಕಿ, ಬಟ್ಟೆಯ ಪಟ್ಟಿಯೊಳಗೆ ಹೊಲಿದು ಲೆನ್ಸಿನ ಮೂತಿಗೆ ಸುತ್ತಿದ್ದೇನೆ. 12 ವೋಲ್ಟಿಗೆ ಮೂರು ವ್ಯಾಟ್ ಶಾಖ. ಕೈಗೆ ಬೆಚ್ಚಗೆ ಎನಿಸುತ್ತದೆ ಅಷ್ಟೇ, ಇಬ್ಬನಿ ದೂರವಿಡಲು ಅದೇ ಸಾಕು. ವಿದ್ಯುತ್ತಿಗೆ ತೋಟದ ಬ್ಯಾಟರಿ ಸ್ಪ್ರೇಯರಿನ 12 ವೋಲ್ಟ್ ಬ್ಯಾಟರಿ. ಔಷಧಿ ಹೊಡೆಯುವ ಕಾಲವಲ್ಲವಾದ್ದರಿಂದ ಯಾರೂ ಕೇಳುವುದಿಲ್ಲ. ಮಳೆಗಾಲದಲ್ಲಿ ಲೆನ್ಸನ್ನು ಸಿಲಿಕಾ ಜೆಲ್ ಹಾಕಿದ ಬಿಗಿ ಮುಚ್ಚಳದ ಡಬ್ಬಿಯಲ್ಲಿಡುವುದು ಕಡ್ಡಾಯ, ಇಲ್ಲವಾದರೆ ಬೂಷ್ಟು ಗಾಜಿನ ಲೇಪವನ್ನೇ ತಿಂದುಹಾಕುತ್ತದೆ.

ಆನೆಗಳು ತೋಟದಲ್ಲಿವೆ ಎಂಬ ಸುದ್ದಿ ಬಂದ ರಾತ್ರಿ ಕಣಕ್ಕೆ ಇಳಿಯುವುದಿಲ್ಲ. ಇದರಲ್ಲಿ ಎರಡನೆಯ ಯೋಚನೆ ಬೇಡ. ಹುತ್ತರಿಯ ಆಸುಪಾಸಿನ ದಿನಗಳನ್ನೂ ಬಿಡುತ್ತೇನೆ. ಹುತ್ತರಿ ರೋಹಿಣಿ ನಕ್ಷತ್ರದಲ್ಲಿ ಬರುವ ಹುಣ್ಣಿಮೆಯ ಹಬ್ಬ. ರೋಹಿಣಿಗೂ ಆಲ್ಗಾಲ್‌ಗೂ ಮೂವತ್ತು ಡಿಗ್ರಿ ಅಂತರವಷ್ಟೇ. ಕದಿರು ತೆಗೆಯುವ ಆ ರಾತ್ರಿಯ ಬೆಳದಿಂಗಳು ಗದ್ದೆಗೆ ಚೆಂದ, ಅಳತೆಗೆ ಆಗುವುದಿಲ್ಲ.

ಅಳೆಯುವುದು

ಕ್ಯಾಮೆರಾದ ಐಎಸ್‌ಒ (ಬೆಳಕಿಗೆ ಸಂವೇದನೆ) 100, ಲೆನ್ಸಿನ ತೆರಪು ಎಫ್ 2.8, ಇಪ್ಪತ್ತು ಸೆಕೆಂಡು, ಕಚ್ಚಾ (ರಾ) ಕಡತ. ಫೋಕಸನ್ನು ಬೇಕೆಂದೇ ಸ್ವಲ್ಪ ತಪ್ಪಿಸಿ ನಕ್ಷತ್ರವನ್ನು ಹದಿನೇಳು ಪಿಕ್ಸೆಲ್ ಅಗಲದ ಬಿಲ್ಲೆಯಾಗಿ ಹರಡುತ್ತೇನೆ. ಚುಕ್ಕಿಯಂತೆ ಚೂಪಾಗಿ ಹಿಡಿದರೆ ನಡುವಿನ ಪಿಕ್ಸೆಲುಗಳು ತುಂಬಿ ತುಳುಕಿ ಎಷ್ಟು ಬೆಳಕು ಬಂತೆಂಬುದೇ ಗೊತ್ತಾಗುವುದಿಲ್ಲ. ಸುಂದರ ಚಿತ್ರ ಬೇಕೆನ್ನುವವರಿಗೆ ಇದು ಸಂಕಟ. ಸರಿಯಾದ ಅಗಲ ಸಿಕ್ಕ ಮೇಲೆ ಫೋಕಸ್ ಬಳೆಗೆ ಇನ್ಸುಲೇಷನ್ ಟೇಪು ಸುತ್ತಿಬಿಡಬೇಕು. ಕಾಲು ಗಂಟೆಗೊಮ್ಮೆ ಹತ್ತು ಚಿತ್ರಗಳ ಒಂದು ಕಂತು. ಮುಸ್ಸಂಜೆಯಲ್ಲಿ ಬಿಳಿ ಪಂಚೆಯನ್ನು ಲೆನ್ಸಿಗೆ ಬಿಗಿದು ಆಕಾಶದ ಕಡೆ ತಿರುಗಿಸಿ ಕೆಲವು ಚಿತ್ರ ತೆಗೆದಿಟ್ಟರೆ, ಚೌಕಟ್ಟಿನ ಮೂಲೆಗಳಲ್ಲಿ ಬೆಳಕು ಎಷ್ಟು ಕುಂದುತ್ತದೆ ಎಂಬುದು ತಿಳಿದು ಆಮೇಲೆ ಸರಿಪಡಿಸಬಹುದು. ಮುಚ್ಚಳ ಹಾಕಿ ತೆಗೆದ ಕಪ್ಪು ಚಿತ್ರಗಳೂ ಬೇಕು.

ಕಂಪ್ಯೂಟರಿನಲ್ಲಿ ಸಿರಿಲ್ ಎಂಬ ಉಚಿತ ತಂತ್ರಾಂಶ ಬಳಸಿ ಹಸಿರು ಬಣ್ಣದ ಪಿಕ್ಸೆಲುಗಳನ್ನಷ್ಟೇ ಬೇರ್ಪಡಿಸುತ್ತೇನೆ. ಖಗೋಳಜ್ಞರು ಬಳಸುವ ‘ವಿ’ ಶೋಧಕಕ್ಕೆ (ಫಿಲ್ಟರ್) ಹತ್ತಿರವಾದುದು ಹಸಿರು. ಬಿಲ್ಲೆಯೊಳಗಿನ ಬೆಳಕನ್ನೆಲ್ಲ ಕೂಡಿ, ಸುತ್ತಲಿನ ಉಂಗುರದಿಂದ ಆಕಾಶದ ಹಿನ್ನೆಲೆ ಎಷ್ಟೆಂದು ತಿಳಿದು ಕಳೆಯಬೇಕು. ಹೋಲಿಕೆಗೆ ಅದೇ ಪುಂಜದ ಡೆಲ್ಟಾ ಪರ್ಸಿ, ಕಾಂತಿಮಾನ 3.01. ಅದು ಆಲ್ಗಾಲ್‌ನಂತೆಯೇ ನೀಲಿ ಬಿಳುಪಿನ ನಕ್ಷತ್ರವಾದ್ದರಿಂದ ಬಣ್ಣದ ವ್ಯತ್ಯಾಸದ ತೊಡಕು ಕಡಿಮೆ. ಆಲ್ಗಾಲ್‌ಗೆ ತೀರಾ ಹತ್ತಿರವಿರುವ ರೋ ಪರ್ಸಿಯನ್ನು ಮಾತ್ರ ಹೋಲಿಕೆಗೆ ತೆಗೆದುಕೊಳ್ಳಬಾರದು, ಅದರ ಬೆಳಕೂ ಬದಲಾಗುತ್ತಿರುತ್ತದೆ.

ಐದು ಕಾಂತಿಮಾನದ ಅಂತರವೆಂದರೆ ಬೆಳಕಿನಲ್ಲಿ ಸರಿಯಾಗಿ ನೂರು ಪಟ್ಟು ಎಂಬ ಅಳತೆಗೋಲನ್ನು 1856ರಲ್ಲಿ ಸೂಚಿಸಿದವನು ನಾರ್ಮನ್ ಪಾಗ್ಸನ್. ಅವನು 1861ರಲ್ಲಿ ಮದರಾಸು ವೀಕ್ಷಣಾಲಯಕ್ಕೆ ಬಂದು, 1891ರಲ್ಲಿ ತೀರಿಕೊಳ್ಳುವವರೆಗೂ ಅಲ್ಲೇ ಇದ್ದ. ಅವನ ಸಹಾಯಕರಾಗಿದ್ದ ಚಿಂತಾಮಣಿ ರಘುನಾಥಾಚಾರಿ 1867ರಲ್ಲಿ ಆರ್ ರೆಟಿಕ್ಯುಲಿ ಎಂಬ ನಕ್ಷತ್ರದ ಬೆಳಕು ಬದಲಾಗುವುದನ್ನು ಕಂಡುಹಿಡಿದರು. ಜಗತ್ತೆಲ್ಲ ಬಳಸುವ ಈ ಅಳತೆಗೋಲಿನ ಕರ್ತೃ ನಮ್ಮ ದಕ್ಷಿಣದ ಆಕಾಶದ ಕೆಳಗೆ ಮೂವತ್ತು ವರ್ಷ ದುಡಿದ ಎಂಬುದು ನನಗೆ ಪ್ರತಿ ಲೆಕ್ಕದಲ್ಲೂ ನೆನಪಾಗುತ್ತದೆ.

ಲೆಕ್ಕ ಸರಳ. ಗ್ರಹಣವಿಲ್ಲದ ರಾತ್ರಿ ಆಲ್ಗಾಲ್‌ನ ಬೆಳಕು ಡೆಲ್ಟಾದ ಎರಡೂಕಾಲು ಪಟ್ಟಿಗಿಂತ ತುಸು ಹೆಚ್ಚು, 2.27. ಅದರ ಲಾಗರಿದಮ್ 0.356, ಪಾಗ್ಸನ್‌ನ ಅಳತೆಗೋಲಿನಂತೆ ಎರಡೂವರೆಯಿಂದ ಗುಣಿಸಿದರೆ 0.89, 3.01ರಿಂದ ಕಳೆದರೆ 2.12. ಗ್ರಹಣದ ತಳದಲ್ಲಿ ಅದೇ ಅನುಪಾತ 0.7ಕ್ಕೆ ಇಳಿದು ಕಾಂತಿಮಾನ 3.40 ಆಗುತ್ತದೆ. ಹತ್ತು ಚಿತ್ರಗಳ ಸರಾಸರಿಯಲ್ಲಿ ನನಗೆ 0.02ರಿಂದ 0.03ರಷ್ಟು ಮಾತ್ರ ಚೆದುರುವಿಕೆ ಉಳಿಯುತ್ತದೆ. 1.3ರಷ್ಟು ಇಳಿಯುವ ನಕ್ಷತ್ರಕ್ಕೆ ಇದು ಧಾರಾಳ.

ನಂಬಬೇಕಾದ ಕಂತು ಯಾವುದು, ಬಿಡಬೇಕಾದ್ದು ಯಾವುದು ಎಂದು ಹೇಳಲು ಎಪ್ಸಿಲಾನ್ ಪರ್ಸಿಯನ್ನು ಸಾಕ್ಷಿಯಾಗಿ ಇಟ್ಟುಕೊಂಡಿದ್ದೇನೆ. ಅದರ ಕಾಂತಿಮಾನ 2.89, ಡೆಲ್ಟಾಗಿಂತ 0.12 ಉಜ್ವಲ. ಮಧ್ಯರಾತ್ರಿಯ ನಂತರ ಕೆಳಗಿನ ಗದ್ದೆಯಿಂದ ತೆಳುವಾದ ಮಂಜು ಮೇಲೇಳುತ್ತದೆ. ಕಣ್ಣಿಗೆ ಆಕಾಶ ಸ್ವಚ್ಛವಾಗಿಯೇ ಕಾಣುತ್ತದೆ, ಆದರೆ ಚೌಕಟ್ಟಿನ ಒಂದು ಬದಿ ಇನ್ನೊಂದಕ್ಕಿಂತ ಮಂಕಾಗಿರುತ್ತದೆ. 0.12 ಇರಬೇಕಾದ ಎರಡರ ಅಂತರ 0.03ಕ್ಕಿಂತ ಹೆಚ್ಚು ಆಚೀಚೆಯಾದರೆ ಆ ಕಂತನ್ನು ಪೂರ್ತಿ ಬಿಟ್ಟುಬಿಡುತ್ತೇನೆ, ಆಲ್ಗಾಲ್‌ನ ಅಂಕಿ ಎಷ್ಟೇ ಚೆನ್ನಾಗಿ ಗೆರೆಯ ಮೇಲೆ ಕೂತಿರಲಿ. ನಕ್ಷತ್ರ ಮೂವತ್ತು ಡಿಗ್ರಿಗಿಂತ ಕೆಳಗಿಳಿದ ಮೇಲೂ ನಿಲ್ಲಿಸುತ್ತೇನೆ. ಅಲ್ಲಿ ಗಾಳಿಯ ದಪ್ಪ ನೆತ್ತಿಯ ಮೇಲಿರುವುದರ ಎರಡರಷ್ಟಾಗಿ, ಎರಡು ನಕ್ಷತ್ರಗಳಿಗೆ ಒಂದೇ ಸಮನಾಗಿರುವುದಿಲ್ಲ.

ಗ್ರಹಣಗಳನ್ನು ಆರಿಸಿಕೊಳ್ಳಬೇಕಾಗುತ್ತದೆ. ಪ್ರತಿ ಮೂರನೆಯ ದಿನ ಗ್ರಹಣದ ತಳ 3 ಗಂಟೆ 11 ನಿಮಿಷ ಮೊದಲೇ ಬರುತ್ತದೆ. ಒಂದು ರಾತ್ರಿ ಮೂರೂವರೆಗೆ ಬಂದರೆ ಮುಂದಿನದು ಹನ್ನೆರಡೂಕಾಲು ದಾಟಿದ ಮೇಲೆ, ಅದರ ಮುಂದಿನದು ರಾತ್ರಿ ಒಂಬತ್ತರ ಸುಮಾರಿಗೆ, ಆಮೇಲೆ ಕತ್ತಲಾಗುವ ಮೊದಲೇ. ಇಂಥ ಸಾಲಿನಲ್ಲಿ ನಡುವಿನ ಎರಡು ಸಿಕ್ಕರೆ ಇಳಿಜಾರೂ ಏರೂ ಎರಡೂ ದಕ್ಕುತ್ತವೆ.

ತಳ ಮುಟ್ಟಿದ ಗಳಿಗೆಯನ್ನು ಕಂಡುಕೊಳ್ಳಲು ನನಗೆ ಹಿಡಿಸಿದ್ದು ಹಳೆಯ ಕೈಕೆಲಸ. ಬಿಂದುಗಳನ್ನು ತೆಳು ಹಾಳೆಯ ಮೇಲೆ ಗುರುತಿಸಿ, ಹಾಳೆಯನ್ನು ಮಗುಚಿ ಮೂಲದ ಮೇಲಿಟ್ಟು, ಕಿಟಕಿಯ ಬೆಳಕಿಗೆ ಹಿಡಿದು, ಇಳಿಯುವ ಗೆರೆ ಏರುವ ಗೆರೆಯ ಮೇಲೆ ಸರಿಯಾಗಿ ಕೂರುವವರೆಗೆ ಜರುಗಿಸಬೇಕು. ಕೂತ ಜಾಗದ ನಡುಗೆರೆಯೇ ಗ್ರಹಣದ ನಡು. ಕೆಲವೇ ನಿಮಿಷಗಳ ನಿಖರತೆ ಸಿಗುತ್ತದೆ. ಅಷ್ಟು ನಿಖರತೆ ಬಂದ ಮೇಲೆ ಭೂಮಿ ತನ್ನ ಕಕ್ಷೆಯಲ್ಲಿ ಎಲ್ಲಿದೆ ಎಂಬುದೂ ಲೆಕ್ಕಕ್ಕೆ ಬರುತ್ತದೆ. ನವೆಂಬರಿನಲ್ಲಿ ನಾವು ಸೂರ್ಯನಿಗಿಂತ ಆಲ್ಗಾಲ್‌ಗೆ ಹತ್ತಿರ. ಅದರ ಬೆಳಕು ಸೂರ್ಯನನ್ನು ತಲುಪುವ ಏಳೆಂಟು ನಿಮಿಷ ಮೊದಲೇ ನಮ್ಮನ್ನು ತಲುಪುತ್ತದೆ. ಫೆಬ್ರವರಿಯ ಹೊತ್ತಿಗೆ ಆ ಅಂತರ ಕರಗಿಹೋಗುತ್ತದೆ. ಈ ತಿದ್ದುಪಡಿ ಮಾಡದೆ ನವೆಂಬರಿನ ಗ್ರಹಣವನ್ನೂ ಫೆಬ್ರವರಿಯದನ್ನೂ ಹೋಲಿಸಿದರೆ ನಕ್ಷತ್ರವೇ ತಡಮಾಡಿತು ಎನಿಸುತ್ತದೆ. ಕ್ಯಾಮೆರಾದ ಗಡಿಯಾರವನ್ನು ಪ್ರತಿ ರಾತ್ರಿ ಮೊಬೈಲಿನ ಸಮಯಕ್ಕೆ ಹೊಂದಿಸುವುದೂ ಇದೇ ಕಾರಣಕ್ಕೆ.

ಮುಂದಿನ ಸರದಿ ಸೆಫಿಯಸ್ ಪುಂಜದ ಡೆಲ್ಟಾ ಸೆಫೈ ನಕ್ಷತ್ರದ್ದು. 5.37 ದಿನಗಳ ಅವಧಿ, 3.5ರಿಂದ 4.4ರವರೆಗೆ ಏರಿಳಿತ, ಇದನ್ನೂ 1784ರಲ್ಲಿ ಗುಡ್‌ರಿಕ್ಕನೇ ಗುರುತಿಸಿದ. ಇಲ್ಲಿ ಗ್ರಹಣವಿಲ್ಲ, ನಕ್ಷತ್ರವೇ ಹಿಗ್ಗಿ ಕುಗ್ಗುತ್ತದೆ. ಈ ಬಗೆಯ ನಕ್ಷತ್ರಗಳ ಅವಧಿಗೂ ನಿಜವಾದ ಉಜ್ವಲತೆಗೂ ಇರುವ ನಂಟನ್ನು ಹೆನ್ರಿಯೆಟಾ ಲೆವಿಟ್ 1912ರಲ್ಲಿ ಸ್ಪಷ್ಟಪಡಿಸಿದ ಮೇಲೆಯೇ ಗೆಲಾಕ್ಸಿಗಳ ದೂರ ಅಳೆಯುವ ದಾರಿ ತೆರೆದದ್ದು. ಯಂತ್ರದಲ್ಲಿ ಬದಲಿಸುವುದೇನೂ ಇಲ್ಲ. ನಕ್ಷತ್ರ ಆಲ್ಗಾಲ್‌ಗಿಂತ ಮಂಕಾದ್ದರಿಂದ ಬಿಲ್ಲೆಯನ್ನು ಹತ್ತು ಪಿಕ್ಸೆಲಿಗೆ ಇಳಿಸಬೇಕು, ಹೋಲಿಕೆಗೆ ಝೀಟಾ ಮತ್ತು ಎಪ್ಸಿಲಾನ್ ಸೆಫೈ ಹತ್ತಿರದಲ್ಲೇ ಇವೆ. ಅಕ್ಟೋಬರಿನ ಕೊನೆಯ ಮಳೆ ಬಿಟ್ಟ ಕೂಡಲೇ ಶುರು ಮಾಡುತ್ತೇನೆ, ಡಿಸೆಂಬರಿಗೆ ಕಾದರೆ ಅದು ಸಂಜೆಯೇ ವಾಯವ್ಯದ ಮರಗಳತ್ತ ಇಳಿದುಬಿಡುತ್ತದೆ.